ಕಿತ್ತ ಹಾರೆ

ಚಿತ್ತೆ ಮಳೆ ಹಿಡಿದ ನಾಲ್ಕನೇ ದಿನ, ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ ಇದು ಶುರುವಾಯಿತು. ಎಂಬತ್ತಮೂರನೇ ಇಸವಿ. ಬಸವೇಶ್ವರನಗರದಲ್ಲಿ ಕಟ್ಟುತ್ತಿದ್ದ ಒಂದು ಕಲ್ಯಾಣಮಂಟಪದ ಛಾವಣಿ ಬಿತ್ತು. ಬಿತ್ತು ಅಂದರೆ ಅದಾಗೇ ಬೀಳಲಿಲ್ಲ. ಇಪ್ಪತ್ತೊಂದು ದಿನ ನಿಲ್ಲಬೇಕಾದ ಆಸರೆಯ ಮರಗಳನ್ನು ಕಂಟ್ರಾಕ್ಟರು ಬಸವಲಿಂಗಪ್ಪ ಒಂಬತ್ತನೇ ದಿನಕ್ಕೆ ತೆಗೆಸಿದ. ನಾಗರಬಾವಿ ಕಡೆ ಇನ್ನೊಂದು ಕೆಲಸಕ್ಕೆ ಆ ಮರಗಳು ಬೇಕಿದ್ದವು. ಕಾಂಕ್ರೀಟು ಇನ್ನೂ ಹಸಿ ಇದೆ ಅಂತ ಮೇಸ್ತ್ರಿ ಹೇಳಿದ. ಬಸವಲಿಂಗಪ್ಪ ಸ್ಕೂಟರಿನಿಂದ ಕಾಲು ಕೆಳಗೆ ಇಡಲಿಲ್ಲ. "ಕಿತ್ತಾಕೋ" ಅಂದು ಹೋದ.

ಕೆಳಗೆ ಏಳು ಜನ ಇದ್ದರು. ಗಾರೆ ಹೊರುತ್ತಿದ್ದ ರಾಮಕ್ಕ ಅವರಲ್ಲಿ ಒಬ್ಬಳು. ಅವಳ ಗಂಡ ಹನುಮಯ್ಯ ಹಿಂದುಗಡೆ ನೀರಿನ ತೊಟ್ಟಿಗೆ ಗುಂಡಿ ತೋಡುತ್ತಿದ್ದ. ಸದ್ದು ಕೇಳಿ ಗುಂಡಿಯಿಂದ ಎದ್ದು ನೋಡಿದ. ಛಾವಣಿ ಇದ್ದ ಕಡೆ ಆಕಾಶ ಇತ್ತು.

ಹನುಮಯ್ಯ ಹೇರೋಹಳ್ಳಿಯವನು. ಅವನ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಬಾವಿ ತೋಡಿದವರೇ. ಊರಿಗೆ ನಲ್ಲಿ ಬಂತು, ಬೋರ್‌ವೆಲ್ ಬಂತು, ಬಾವಿ ಕೇಳುವವರು ಇಲ್ಲವಾದರು. ಬಾವಿ ತೋಡಿದ ಕೈಗಳು ಪಾಯ ತೋಡುವುದಕ್ಕೆ ಇಳಿದವು. ಮೂವತ್ತು ವರ್ಷ ಅವನು ಬಾವಿಯ ತಳದಲ್ಲಿ ಅಗೆದಾಗ ರಾಮಕ್ಕ ಮಣ್ಣು ತುಂಬಿದಳು. ಮೇಲಿನವರಿಗೆ ತಳದ ಮಾತು ಕೇಳಿಸುವುದಿಲ್ಲ. ಅದಕ್ಕೆ ಒಂದು ಲೆಕ್ಕ ಇತ್ತು. ಮಣ್ಣು ತುಂಬುವ ಕಬ್ಬಿಣದ ಬಾಂಡ್ಲಿಗೆ ಕಲ್ಲಿನಿಂದ ಎರಡು ಸಲ ಕುಟ್ಟಿದರೆ, ಹಗ್ಗ ಬಿಡಿ. ಮೂರು ಸಲ ಕುಟ್ಟಿದರೆ, ಎಳೀರಿ.

ಇನ್ನೊಂದು ಕಟ್ಟಳೆಯೂ ಅವರಲ್ಲಿತ್ತು. ಬಾವಿ ಕುಸಿದು ಯಾರಾದರೂ ಹೂತುಹೋದರೆ, ಗುಂಪಿನ ಹಿರಿಯ ಹಾರೆಯನ್ನು ಮಣ್ಣಿಗೆ ನೆಟ್ಟು ಅದರ ತುದಿಗೆ ಕಿವಿ ಕೊಡುತ್ತಾನೆ. ಆಗ ಯಾರೂ ಉಸಿರೆತ್ತಬಾರದು. ಕೆಳಗೆ ಜೀವ ಇದ್ದರೆ ಕಬ್ಬಿಣದಲ್ಲಿ ತಿಳಿಯುತ್ತದೆ. ಕೇಳಿಸಿದ ಕೂಡಲೇ ಬಾಯಿ ತೆರೆಯದೆ ಬಲಗೈ ಎತ್ತುತ್ತಾನೆ. ಹಾರೆ ಎಲ್ಲಿ ನಿಂತಿದೆಯೋ ಅಲ್ಲಿ ಅಗೆಯುವುದು. ಯಾಕೆ, ಏನು ಅಂತ ಕೇಳುವ ಹಾಗಿಲ್ಲ. ಕೆಳಗಿನವರ ಮೈ ಮುಟ್ಟುವ ತನಕ, ಬದುಕಿರಲಿ ಸತ್ತಿರಲಿ, ಆ ಹಾರೆ ಕೀಳುವ ಹಾಗಿಲ್ಲ. ಹನುಮಯ್ಯನ ಕಿವಿ ಹಾಗೆ ಒಂಬತ್ತು ಜನರನ್ನು ಮೇಲಕ್ಕೆ ತಂದಿತ್ತು. ಮಾಗಡಿ ರಸ್ತೆ ಉದ್ದಕ್ಕೂ ಕೂಲಿಯವರಿಗೆ ಅದು ಗೊತ್ತಿತ್ತು.

ಮಧ್ಯಾಹ್ನ ಎರಡರ ಹೊತ್ತಿಗೆ ಆರು ಜನ ಸಿಕ್ಕರು. ಮೂವರಲ್ಲಿ ಉಸಿರಿತ್ತು. ಮೂವರಲ್ಲಿ ಇರಲಿಲ್ಲ. ರಾಮಕ್ಕ ಸಿಗಲಿಲ್ಲ.

ನಾಲ್ಕು ಗಂಟೆಗೆ ಮಳೆ ನಿಂತಿತು. ಬೆಳಗಿನಿಂದ ಕಾಂಕ್ರೀಟು ಎಳೆದವರ ಬೆರಳುಗಳಲ್ಲಿ ಚರ್ಮ ಇರಲಿಲ್ಲ. ಗುಂಪಿನ ಯಜಮಾನ ದೊಡ್ಡಣ್ಣ, ಹನುಮಯ್ಯನ ಚಿಕ್ಕಪ್ಪನ ಮಗ, ಹುಡುಗರನ್ನೆಲ್ಲ ರಸ್ತೆಯಾಚೆಯ ಅಂಗಡಿಗೆ ಟೀ ಕುಡಿಯಲು ಕಳಿಸಿ ತಾನೂ ಹೋದ. ಹನುಮಯ್ಯ ಹೋಗಲಿಲ್ಲ. ಈಗ ಸದ್ದು ಅಡಗಿತ್ತು. ಅವನಿಗೆ ಬೇಕಾದದ್ದು ಅದೇ.

ಹಾರೆ ಹಿಡಿದು ಅವಶೇಷದ ಮೇಲೆ ಹತ್ತಿದ. ನಾಲ್ಕು ಕಡೆ ನೆಟ್ಟ. ನಾಲ್ಕು ಕಡೆ ಕಿವಿ ಕೊಟ್ಟ. ಏನೂ ಇಲ್ಲ. ಐದನೆಯದು ಪೂರ್ವದ ಕಡೆ. ಪಕ್ಕದ ಮನೆಯ ಎತ್ತರದ ಗೋಡೆ, ಗೋಡೆಗೆ ಅಂಟಿಕೊಂಡು ಇಳಿದ ಮಳೆನೀರಿನ ಕೊಳವೆ. ಅಲ್ಲಿ ಬೆಳಕು ಇರಲಿಲ್ಲ. ಹಾರೆ ನೆಟ್ಟು ಕಿವಿ ಇಟ್ಟ.

ಟಕ್ ಟಕ್ ಟಕ್. ಆಮೇಲೆ ಏನೂ ಇಲ್ಲ. ಮತ್ತೆ ಟಕ್ ಟಕ್ ಟಕ್.

ಎಳೀರಿ.

ಹನುಮಯ್ಯನ ಬಲಗೈ ತಾನಾಗಿಯೇ ಮೇಲಕ್ಕೆ ಹೋಯಿತು. ಬಾಯಿ ತೆರೆಯಲಿಲ್ಲ. ಕೈಯನ್ನು ಹಾಗೇ ಎತ್ತಿ ಹಿಡಿದು, ಹುಡುಗರು ತಿರುಗಿ ನೋಡಲಿ ಅಂತ ನಿಂತ. ಹುಡುಗರು ನೋಡಲಿಲ್ಲ. ನೋಡಿದವನು ಒಬ್ಬನೇ. ಕೊರಳಲ್ಲಿ ಕ್ಯಾಮೆರಾ ಇಳಿಬಿಟ್ಟುಕೊಂಡಿದ್ದ, ಪೇಪರಿನವನು, ವೆಂಕಟಗಿರಿ. ಅವನ ಕ್ಯಾಮೆರಾ ಒಂದು ಸಲ ಕ್ಲಿಕ್ ಅಂದಿತು.

"ಕೇಳಿಸ್ತೇನಪ್ಪಾ?" ಹತ್ತಿರ ಬಂದು ಪಿಸುಗುಟ್ಟಿದ. ಅವನ ಪ್ಯಾಂಟೂ ಮೊಣಕಾಲಿನ ತನಕ ಕೆಸರಾಗಿತ್ತು.

"ಕೇಳಿಸ್ತು ಸಾಮಿ. ನನ್ನ ಹೆಂಡ್ತಿ. ಎಳೀರಿ ಅಂತಾವ್ಳೆ."

ವೆಂಕಟಗಿರಿಯ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳಬಾರದು, ಬಂತು. ಕಣ್ಣು ಒರೆಸಿಕೊಂಡು ಅವನು ಮೇಲೆ ನೋಡಿದ. ಪಡುವಣದಲ್ಲಿ ಮೋಡ ಒಡೆದು ಬಿಸಿಲು ಬಿದ್ದಿತ್ತು. ಅವಶೇಷದ ಆ ತುದಿ ಹೊಳೆಯುತ್ತಿತ್ತು.

"ಇಲ್ಲಿ ಕತ್ತಲೆ. ಏನೂ ಬರಲ್ಲ ಪಟದಲ್ಲಿ. ಆ ಕಡೆ ಬಾ, ಬಿಸಿಲು ಚೆನ್ನಾಗಿದೆ. ಹೀಗೇ ಹಾರೆ ನೆಟ್ಟು ಕಿವಿ ಇಡು. ಒಂದೇ ನಿಮಿಷ."

"ನಮ್ಮ ಜನ ಬರ್ಲಿ ಸಾಮಿ."

"ಬರ್ತಾರೆ. ಇದು ನಾಳೆ ಪೇಪರ್‌ನಲ್ಲಿ ಬಂದ್ರೆ ದೊಡ್ಡ ಕ್ರೇನ್ ಕಳಿಸ್ತಾರೆ. ಮಂತ್ರಿಗಳೇ ಬರ್ತಾರೆ. ನಿನ್ನ ಹೆಂಡ್ತಿಗೇ ಒಳ್ಳೇದು ಕಣಪ್ಪ. ಒಂದೇ ನಿಮಿಷ."

ಹನುಮಯ್ಯನಿಗೆ ಐವತ್ತೈದು ವರ್ಷ. ಪ್ಯಾಂಟು ಹಾಕಿದವರು ಬಾ ಅಂದರೆ ಬರುವುದು, ನಿಲ್ಲು ಅಂದರೆ ನಿಲ್ಲುವುದು, ಅವನ ಕಾಲುಗಳಿಗೆ ಅಷ್ಟು ವರ್ಷವೂ ಅದೊಂದೇ ಗೊತ್ತು. ಕ್ರೇನು ಬಂದರೆ ರಾಮಕ್ಕ ಬೇಗ ಬರುತ್ತಾಳೆ ಅನ್ನುವುದೂ ತಲೆಯಲ್ಲಿ ಬಂತು. ಹಾರೆ ಕಿತ್ತ.

ಹದಿನೈದು ಹೆಜ್ಜೆ. ಪಡುವಣದ ತುದಿಗೆ ಹೋಗಿ ನೆಟ್ಟ. ಕಿವಿ ಇಟ್ಟ. ಅಲ್ಲಿ ಕಬ್ಬಿಣ ತಣ್ಣಗಿತ್ತು, ಅಷ್ಟೇ.

"ಕೈ ಎತ್ತು. ಇನ್ನೂ ಮೇಲೆ. ಬೆರಳು ಬಿಡಿಸು. ಮುಖ ಈ ಕಡೆ. ಹಾಂ. ಇನ್ನೊಂದು. ಇನ್ನೊಂದು."

ಮೂರು ಪಟ ತೆಗೆದ. ಆಮೇಲೆ ಜೇಬಿನಿಂದ ಚೀಟಿ ತೆಗೆದು ಹೆಸರು ಕೇಳಿದ, ಊರು ಕೇಳಿದ, ಹೆಂಡತಿಯ ಹೆಸರು ಕೇಳಿದ, ಮಕ್ಕಳೆಷ್ಟು ಅಂತ ಕೇಳಿದ. ಮಕ್ಕಳಿಲ್ಲ ಅಂತ ಹನುಮಯ್ಯ ಹೇಳಿದ. ಅದನ್ನೂ ಬರೆದುಕೊಂಡ.

ಟೀ ಕುಡಿದು ರಸ್ತೆ ದಾಟುತ್ತಿದ್ದ ದೊಡ್ಡಣ್ಣ ಕೈ ಮೇಲೆದ್ದಾಗಲೇ ನೋಡಿದ್ದ. ನಿಂತ ಹಾರೆ ನೋಡಿದ. ಕಟ್ಟಳೆ ಕಟ್ಟಳೆಯೇ. ಒಂದು ಮಾತೂ ಕೇಳಲಿಲ್ಲ. ಅವನ ಹಿಂದೆ ಗುಂಪು ಓಡಿತು, ಗುಂಪಿನ ಹಿಂದೆ ಬೇರೆ ಕೂಲಿಯವರು ಓಡಿದರು. ಕಾವಲಿಗಿದ್ದ ಪೊಲೀಸ್ ಇನ್ಸ್‌ಪೆಕ್ಟರು ಸೀಟಿ ಊದಿ ಜನರನ್ನು ಹಿಂದಕ್ಕೆ ತಳ್ಳಿದ. ನಲವತ್ತು ಜನ ಹಾರೆಯ ಸುತ್ತ ಅಗೆಯಲು ನಿಂತರು. ತೆಗೆದ ಕಲ್ಲು, ಇಟ್ಟಿಗೆ, ಮಣ್ಣು ಎಲ್ಲಿಗೆ ಹಾಕಬೇಕು? ಕೈಯಿಂದ ಕೈಗೆ ಬಾಂಡ್ಲಿ ಸಾಗಿ, ಪೂರ್ವದ ಗೋಡೆಯ ಬುಡಕ್ಕೆ ಸುರಿದರು.

ವೆಂಕಟಗಿರಿಯ ಪ್ರಶ್ನೆಗಳು ಮುಗಿದು ಹನುಮಯ್ಯ ತಿರುಗಿ ನೋಡುವ ಹೊತ್ತಿಗೆ ಅಲ್ಲಿ ಮೊಣಕಾಲೆತ್ತರ ಮಣ್ಣು ಬಿದ್ದಿತ್ತು.

"ಇಲ್ಲಲ್ಲ, ಅಲ್ಲಿ" ಅಂದ. ಯಾರಿಗೂ ಕೇಳಿಸಲಿಲ್ಲ. ಓಡಿಹೋಗಿ ದೊಡ್ಡಣ್ಣನ ತೋಳು ಹಿಡಿದ. "ದೊಡ್ಡಣ್ಣ, ಇದಲ್ಲ ಕಣೋ. ಗೋಡೆ ತಾವ. ಅವಳು ಗೋಡೆ ತಾವ ಅವ್ಳೆ."

"ಹಾರೆ ಇಲ್ಲಿ ನೆಟ್ಟಿದ್ದೀಯಲ್ಲಣ್ಣ. ಕೈ ಎತ್ತಿದ್ದು ನಾನೇ ನೋಡ್ದೆ."

"ಅದು ಪಟಕ್ಕೆ ಕಣೋ."

"ಯಾವ ಪಟ?"

ಹಾರೆ ಕಿತ್ತೆ ಅಂತ ಗುಂಪಿನ ಮುಂದೆ ಹೇಗೆ ಹೇಳುವುದು? ಅವರ ಜನದಲ್ಲಿ ಯಾರೂ ಮಾಡದ ಕೆಲಸ ಅದು. ಆದರೂ ಹೇಳಿದ. "ಕಿತ್ತುಬಿಟ್ಟೆ" ಅಂದ. ಅಷ್ಟರಲ್ಲಿ ಕಂಟ್ರಾಕ್ಟರ ಕಡೆಯ ಇಂಜಿನಿಯರು ಬಂದ.

"ಏನಂತೆ ಇವನದು?"

"ಜಾಗ ಬೇರೆ ಅಂತಾನೆ ಸಾರ್. ಒಂದು ಗಳಿಗೆ ಎಲ್ಲಾರೂ ಸುಮ್ಮನಾದ್ರೆ ಇನ್ನೊಂದ್ಸಲ ಕೇಳಿ ಹೇಳ್ತಾನಂತೆ" ಅಂದ ದೊಡ್ಡಣ್ಣ.

"ಕತ್ತಲಾಗ್ತಾ ಇದೆ, ಸುಮ್ಮನೆ ಕೂರೋಕಾಗುತ್ತಾ? ಹೆಂಡ್ತಿ ಹೋದ್ಲು ಅಂತ ತಲೆ ಕೆಟ್ಟಿದೆ ಅವನಿಗೆ. ಆ ಕಡೆ ಕೂರಿಸ್ರಿ. ನೀವು ಅಗೀರಿ."

ಅಗೆದರು. ಹನುಮಯ್ಯ ಒಬ್ಬನೇ ಗೋಡೆಯ ಬುಡದಲ್ಲಿ ಅಗೆದ. ಹಾರೆ ಇರಲಿಲ್ಲ, ಅದು ಆ ಕಡೆ ನಿಂತಿತ್ತು. ಕೈಯಲ್ಲಿ ಎಳೆದ. ಅವನು ಒಂದು ಕಲ್ಲು ತೆಗೆದರೆ ಮೂರು ಬಾಂಡ್ಲಿ ಬಂದು ಬೀಳುತ್ತಿದ್ದವು. ಮಣ್ಣಿಗೆ ಕಿವಿ ಇಟ್ಟು ಮಲಗಿದ. ನಲವತ್ತು ಜನರ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು ಅವನ ಎದೆಯೇ. ದೀಪ ಹಚ್ಚುವ ಹೊತ್ತಿಗೆ ಅಗೆಯುವುದನ್ನು ನಿಲ್ಲಿಸಿದರು. ಆಗ ಕೇಳಿದ. ಅಲ್ಲಿ ಸದ್ದು ಇರಲಿಲ್ಲ.

ಮಾರನೇ ದಿನ ಪೇಪರಿನಲ್ಲಿ ಪಟ ಬಂತು. ಮೊದಲ ಪುಟ, ನಾಲ್ಕು ಕಾಲಂ. ಹತ್ತು ಗಂಟೆಗೆ ಕ್ರೇನೂ ಬಂತು. ಮಧ್ಯಾಹ್ನ ಪೂರ್ವದ ಗೋಡೆಯ ಬುಡದಲ್ಲಿ ರಾಮಕ್ಕ ಸಿಕ್ಕಳು. ಬಾಂಡ್ಲಿಯನ್ನು ತಲೆಯ ಮೇಲೆ ಬೋರಲು ಹಿಡಿದಿದ್ದಳು. ಬಲಗೈಯಲ್ಲಿ ಜಲ್ಲಿಕಲ್ಲು ಇತ್ತು. ಬೆರಳು ಬಿಡಿಸಲು ಆಗಲಿಲ್ಲ. ಬಾಂಡ್ಲಿಯ ಅಂಚೆಲ್ಲ ಕುಟ್ಟಿ ಕುಟ್ಟಿ ನೆಗ್ಗಿತ್ತು. ನಿನ್ನೆ ಸಂಜೆ ತನಕ ಜೀವ ಇದ್ದಿರಬೇಕು ಅಂತ ಡಾಕ್ಟರು ಹೇಳಿದರು.

*

ತಿಂಗಳು ಕಳೆದು ಛಾವಣಿ ಬಿದ್ದದ್ದರ ಸರ್ಕಾರಿ ವಿಚಾರಣೆಗೆ ಕರೆದರು. ಸಾಹೇಬರ ಮೇಜಿನ ಮೇಲೆ ಪಟ ಬಂದ ಪೇಪರು ಇತ್ತು.

"ಇದು ನೀನೇನಾ?"

"ನಾನೇ ಸಾಮಿ."

"ಈ ಕೈ ನಿಂದೇನಾ?"

"ನಂದೇ. ಆದ್ರೆ ಜಾಗ ಅದಲ್ಲ ಸಾಮಿ."

"ಜಾಗ ಪಟದಲ್ಲೇ ಕಾಣ್ತಾ ಇದೆಯಲ್ಲಯ್ಯ."

ಬಸವಲಿಂಗಪ್ಪ ಕುರ್ಚಿಯ ಮೇಲೆ ಕೂತಿದ್ದ. ಹನುಮಯ್ಯ ನಿಂತಿದ್ದ. ಛಾವಣಿ ಬಿದ್ದದ್ದು ಮಳೆಯಿಂದ ಅಂತ ಬರೆದರು. ಹೆಂಗಸು ಸತ್ತದ್ದು, ಕೂಲಿಯವರ ಹಿರಿಯನೇ ತಪ್ಪು ಜಾಗ ತೋರಿಸಿದ್ದರಿಂದ ಅಂತ ಬರೆದು ಹೆಬ್ಬೆಟ್ಟು ಕೇಳಿದರು. ಹನುಮಯ್ಯ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಹೆಬ್ಬೆಟ್ಟು ಇಲ್ಲದಿದ್ದರೂ ನಡೆಯುತ್ತದೆ, ಪಟ ಇದೆಯಲ್ಲ ಅಂದರು ಸಾಹೇಬರು.

ಸಾಹೇಬರು ನಂಬದೇ ಇದ್ದದ್ದು ಅವನಿಗೆ ಅಷ್ಟು ತಾಗಲಿಲ್ಲ. ತಾಗಿದ್ದು ಹೇರೋಹಳ್ಳಿಯದು. ಕಾಲೋನಿಯಲ್ಲಿ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಕೆಲಸಕ್ಕೆ ಹೊರಡುವಾಗ ದೊಡ್ಡಣ್ಣನ ಗುಂಪು ಅವನ ಗುಡಿಸಲು ಬಿಟ್ಟು ಆಚೆ ದಾರಿಯಲ್ಲಿ ಹೋಗುತ್ತಿತ್ತು. ನೀರು ಸೇದುವಾಗ ಮುದುಕಿ ಮುನಿತಾಯಮ್ಮ ಒಂದು ದಿನ ಅಂದೇಬಿಟ್ಟಳು: "ಕಿವಿ ಹೋಗ್ಯದೆ ಪಾಪ ಅವನದು. ಹೋಗಿದ್ದು ಗೊತ್ತಾಗಿದ್ರೆ ಸುಮ್ಕೆ ಇರ್ಬೇಕಿತ್ತು. ಹೆಂಡ್ತೀನೇ ತಿಂದ್ಕೊಂಡ." ಸಂಜೆ ಅವನು ಅಕ್ಕಿ ಬೇಯಿಸಿಕೊಂಡು ನೆಗ್ಗಿದ ಬಾಂಡ್ಲಿಯ ಎದುರಿಗೆ ಕೂತು ಉಣ್ಣುತ್ತಿದ್ದ. ಎಷ್ಟೋ ದಿನ ಒಂದು ಮಾತೂ ಆಡದೆ ಕಳೆಯುತ್ತಿತ್ತು. ಆಡಲು ಯಾರಿದ್ದರು? ತನ್ನ ಕಿವಿ ತಪ್ಪಲಿಲ್ಲ, ರಾಮಕ್ಕ ಕರೆದದ್ದು ಕೇಳಿಸಿತ್ತು, ಅದೊಂದನ್ನು ತನ್ನ ಜನ ನಂಬಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಒಂದು ದಿನ ನೆನಪಾಯಿತು. ಕ್ಯಾಮೆರಾ ಕ್ಲಿಕ್ ಅಂದದ್ದು ಮೂರು ಸಲ ಅಲ್ಲ, ನಾಲ್ಕು ಸಲ. ಮೊದಲನೆಯದು ಗೋಡೆಯ ಹತ್ತಿರ.

ಪೇಪರು ಹಿಡಿದು ಅವರಿವರನ್ನು ಕೇಳುತ್ತ ಬಸವೇಶ್ವರನಗರಕ್ಕೆ ನಡೆದ. ವೆಂಕಟಗಿರಿ ಗುರುಸಿದ್ದಯ್ಯ ಅನ್ನುವವರ ಮನೆಯ ಹಿಂದಿನ ಬಾಡಿಗೆ ಪೋರ್ಷನ್ನಿನಲ್ಲಿದ್ದ. ಬಾಗಿಲಿನ ಎದುರು ಗೋಡೆಯ ಮೇಲೇ ಪಟ ಇತ್ತು, ಗಾಜು ಹಾಕಿಸಿ. ಹನುಮಯ್ಯ ಮೆಟ್ಟಿಲ ಮೇಲೆ ನಿಂತು ತನ್ನನ್ನು ನೋಡಿದ. ಚೆನ್ನಾಗಿತ್ತು. ಬಿಸಿಲು ಮುಖದ ಮೇಲೆ ಬಿದ್ದು, ದೇವರು ಮೈಮೇಲೆ ಬಂದವನ ಹಾಗೆ ಕಾಣುತ್ತಿದ್ದ.

ವೆಂಕಟಗಿರಿಯ ಹೆಂಡತಿ ಸೀತಾ ಕಾಫಿ ತಂದು ಮೆಟ್ಟಿಲ ಮೇಲೆ ಇಟ್ಟಳು. ಕೈಗೆ ಕೊಡಲಿಲ್ಲ. ಕುಡಿದಾದ ಮೇಲೆ ಲೋಟವನ್ನು ನಲ್ಲಿಯ ಕೆಳಗೆ ಹಿಡಿದು ಇಡುವಂತೆ ಕಣ್ಣಲ್ಲೇ ತೋರಿಸಿದಳು.

"ಸಾಮಿ, ಮೊದಲು ತೆಗೆದ್ರಲ್ಲ, ಗೋಡೆ ತಾವ. ಆ ಪಟ ಒಂದು ಕೊಡಿ."

"ಅದು ಕಪ್ಪಗೆ ಬಂದಿದೆ ಹನುಮಯ್ಯ. ಏನೂ ಕಾಣಲ್ಲ."

"ಕಪ್ಪಗಿದ್ರೂ ಆಗ್ತದೆ."

ವೆಂಕಟಗಿರಿ ಗೋಡೆಯ ಪಟದ ಕಡೆ ತಿರುಗಿದ. "ನೋಡು, ಈ ಪಟಕ್ಕೆ ಬಹುಮಾನ ಬಂದಿದೆ. ಸಂಕ್ರಾಂತಿ ಆದ ಮೇಲೆ ರಾಜಾಜಿನಗರದಲ್ಲಿ ಸಮಾರಂಭ. ಅದಾಗೋ ತನಕ ತಡಿ. ನೀನೂ ಬಾ. ನಿಂಗೂ ಶಾಲು ಹೊದಿಸ್ತಾರೆ."

"ಜಾಗ ಅದಲ್ಲ ಅಂತ ನೀವೊಂದು ಮಾತು ಹೇಳಿದ್ರೆ ಸಾಕಿತ್ತು ಸಾಮಿ."

"ನಾನೇನು ಸುಳ್ಳು ತೆಗೆದಿದ್ದೀನಾ? ಕಿವಿ ನಿಂದೇ. ಕೈ ನಿಂದೇ. ಪೇಪರ್ ನೋಡಿ ಕ್ರೇನ್ ಬಂತೋ ಇಲ್ವೋ?"

"ಬಂತು ಸಾಮಿ."

ಅವನು ಲೋಟ ತೊಳೆದಿಟ್ಟು ಹೊರಟ.

*

ಸಮಾರಂಭದ ಭಾನುವಾರ ಹಾಲ್ ತುಂಬಿತ್ತು. ಗೋಡೆಗಳ ಮೇಲೆಲ್ಲ ಪಟಗಳು: ಎಲ್ಲಿಯೋ ಬಂದ ನೆರೆ, ಎಲ್ಲಿಯೋ ಹೊತ್ತಿದ ಬೆಂಕಿ, ಎಲ್ಲಿಯದೋ ಅಳುವ ಹೆಂಗಸರು. ಅವರ ಹೆಸರು ಎಲ್ಲೂ ಇರಲಿಲ್ಲ. ಪಟ ತೆಗೆದವರ ಹೆಸರಿತ್ತು. ಹನುಮಯ್ಯನನ್ನು ವೇದಿಕೆಗೆ ಹತ್ತಿಸಿ ಶಾಲು ಹೊದಿಸಿದರು. ಆಮೇಲೆ ಒಬ್ಬ ಒಳಗಿನಿಂದ ಹಾರೆ ತಂದ. ಅಂಗಡಿಯ ಹೊಸ ಹಾರೆ, ಎಣ್ಣೆ ಇನ್ನೂ ಹಾಗೇ ಇತ್ತು. ಹನುಮಯ್ಯನ ಅಂಗೈ ಕಪ್ಪಾಯಿತು. ಕೆಳಗೆ ಐದಾರು ಕ್ಯಾಮೆರಾಗಳು ಮೊಣಕಾಲೂರಿ ಕೂತವು.

"ಯಜಮಾನ್ರೇ, ಪಟದಲ್ಲಿದೆಯಲ್ಲ, ಹಾಗೇ. ಕಿವಿ ಇಟ್ಟು ಕೈ ಎತ್ತಿ. ಒಂದೇ ನಿಮಿಷ."

ಹನುಮಯ್ಯ ಹಲಗೆಯ ನೆಲ ನೋಡಿದ. ಹಾರೆಯನ್ನು ಅಡ್ಡಲಾಗಿ ಮಲಗಿಸಿದ. ಶಾಲು ತೆಗೆದು ಅದರ ಮೇಲೆ ಹಾಕಿದ.

"ಎತ್ತಲ್ಲ" ಅಂದ.

"ಒಂದೇ ನಿಮಿಷ ಯಜಮಾನ್ರೇ."

"ಆವತ್ತೂ ಒಂದೇ ನಿಮಿಷ ಅಂದ್ರು. ನನ್ನ ಹೆಂಡ್ತಿ ಗೋಡೆ ತಾವ ಇದ್ಲು. ನನಗೆ ಕೇಳಿಸ್ತು. ಇವರು ಬಿಸಿಲಿಗೆ ಕರೆದ್ರು. ನಾನು ಹೋದೆ. ಅಲ್ಲಿ ಅಗೆದು ಮಣ್ಣು ಅವಳ ಮೇಲೆ ಹಾಕಿದ್ರು. ಈ ಕೈ ಸುಳ್ಳಿಗೆ ಒಂದ್ಸಲ ಎದ್ದದೆ. ಇನ್ನೊಂದ್ಸಲ ಎತ್ತಲ್ಲ."

ಮೈಕು ಭಾಷಣದವರ ಬಾಯಿಯ ಎತ್ತರಕ್ಕಿತ್ತು, ಹನುಮಯ್ಯನ ಕಡೆ ತಿರುಗಿರಲೂ ಇಲ್ಲ. ಮುಂದಿನ ಎರಡು ಸಾಲು ತಲೆ ತಗ್ಗಿಸಿತು. ಹಿಂದಿನ ಸಾಲುಗಳು ಏನೋ ಒಳ್ಳೆಯ ಮಾತು ಹೇಳಿದ ಅಂತ ಚಪ್ಪಾಳೆ ತಟ್ಟಿದವು. ಅವನು ಇಳಿದು ನಡೆಯುವಾಗಲೂ ತಟ್ಟುತ್ತಲೇ ಇದ್ದವು. ಮಾರನೇ ದಿನ ಪೇಪರಿನಲ್ಲಿ ವೆಂಕಟಗಿರಿ ಬಹುಮಾನ ತೆಗೆದುಕೊಳ್ಳುವ ಪಟ ಬಂತು. ಹನುಮಯ್ಯ ಅಂದದ್ದು ಬರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಹನುಮಯ್ಯ ಹೋಗಿ ವೆಂಕಟಗಿರಿಯ ಮೆಟ್ಟಿಲ ಮೇಲೆ ಕೂತ. ಏನೂ ಕೇಳಲಿಲ್ಲ. ಕಾಫಿ ಬಂದರೆ ಮುಟ್ಟಲಿಲ್ಲ. ಸಂಜೆ ಎದ್ದು ಹೋದ. ಮಂಗಳವಾರ ಮತ್ತೆ ಬಂದು ಕೂತ. ವೆಂಕಟಗಿರಿ ಅವನನ್ನು ದಾಟಿ ಹೋದ, ದಾಟಿ ಬಂದ, ಮುಖ ನೋಡಲಿಲ್ಲ. ಮನೆಯ ಓನರು ಗುರುಸಿದ್ದಯ್ಯ ಮೇಲಿನಿಂದ ಇಳಿದು ಬಂದರು.

"ಏನಯ್ಯಾ, ಸಂಸಾರಸ್ಥರು ಓಡಾಡೋ ಜಾಗ ಇದು. ಏಳು. ಪೊಲೀಸ್ ಕರೀಲಾ?"

"ಕರೀರಿ ಸಾರ್. ಅವರೂ ಆವತ್ತು ಅಲ್ಲೇ ಇದ್ರು."

ಗುರುಸಿದ್ದಯ್ಯ ಮೇಲೆ ಹೋದರು.

ಬುಧವಾರ ಮಧ್ಯಾಹ್ನ ಒಳಗೆ ಮಾತು ಕೇಳಿಸಿತು. "ನೆಗೆಟಿವ್ ತೊಳೆದಿದ್ದು ನಾನು ರೀ. ನಾಲ್ಕಿದೆ ಅಂತ ನಂಗೂ ಗೊತ್ತು. ಮೂರು ದಿನದಿಂದ ಬಾಗಿಲು ತೆಗೆಯೋಕೆ ನಂಗಾಗ್ತಿಲ್ಲ" ಅಂತ ಸೀತಾ ಅನ್ನುತ್ತಿದ್ದಳು. ಇಳಿಹೊತ್ತಿಗೆ ಅವಳು ಬಂದು ಪಟವನ್ನು ಮೆಟ್ಟಿಲ ಮೇಲೆ ಇಟ್ಟಳು, ಕಾಫಿ ಇಟ್ಟ ಹಾಗೆಯೇ. ಇನ್ನೂ ಒದ್ದೆ ಇತ್ತು. ಕತ್ತಲೆಯಲ್ಲಿ ಒಂದು ಕೈ. ಕೈಯ ಹಿಂದೆ ಮಸಕಾಗಿ ಒಂದು ಗೀಟು. ಮಳೆನೀರಿನ ಕೊಳವೆ.

ಗುರುವಾರ ನಸುಕಿಗೇ ಹನುಮಯ್ಯ ದೊಡ್ಡಣ್ಣನ ಬಾಗಿಲಿಗೆ ಹೋಗಿ ಪಟ ಕೊಟ್ಟ. ದೊಡ್ಡಣ್ಣ ಬೆಳಕಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಆ ಕೊಳವೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಗುಂಪು ತಿಂಗಳಿಂದ ಮತ್ತೆ ಅದೇ ಜಾಗದಲ್ಲಿ, ಅದೇ ಬಸವಲಿಂಗಪ್ಪನಿಗೆ ಹೊಸ ಪಾಯ ತೋಡುತ್ತಿತ್ತು. ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಗುಂಪಿನವರು ಒಬ್ಬೊಬ್ಬರೇ ಬಂದು ನೋಡಿದರು.

"ಅಣ್ಣ, ನಾಳೆಯಿಂದ ಕೆಲಸಕ್ಕೆ ಬಾ. ನಮ್ಮದು ತಪ್ಪಾಯ್ತು."

ಅವನು ಬಯಸಿದ ಮಾತು ಅದೇ. ಅದು ಬಂದಾಗ ಹನುಮಯ್ಯನಿಗೆ ಏನೂ ಅನ್ನಿಸಲಿಲ್ಲ.

"ಆವತ್ತು ಸಂಜೆ ನಿನ್ನ ತೋಳು ಹಿಡ್ಕೊಂಡು ಹೇಳ್ದೆ. ಆಗ ಹಾರೆ ನೋಡ್ದೆ. ಆಮೇಲೆ ಪೇಪರ್ ನೋಡ್ದೆ. ಇವತ್ತು ಈ ಕಪ್ಪು ಕಾಗದ ನೋಡ್ತಾ ಇದ್ದೀಯ. ನನ್ನ ಮುಖ ಯಾವತ್ತೋ ನೋಡೋದು, ದೊಡ್ಡಣ್ಣ?"

ದೊಡ್ಡಣ್ಣ ಪಟವನ್ನು ಹನುಮಯ್ಯನ ಕೈಗೆ ತಿರುಗಿ ಕೊಟ್ಟ.

"ನೀನು ಕಟ್ಟಳೆ ಮೀರಲಿಲ್ಲ, ಬಿಡು. ಮೀರಿದೋನು ನಾನು. ಕಿತ್ತಿದ್ದು ನಾನು. ಅದನ್ನ ನಾನೇ ಸರಿ ಮಾಡ್ತೀನಿ."

ಶುಕ್ರವಾರ ಸಂಜೆ, ಕೂಲಿಯವರು ಹೋದ ಮೇಲೆ, ಅವನು ಮಂಟಪದ ಜಾಗಕ್ಕೆ ಹೋದ. ಪೂರ್ವದ ಗೋಡೆಯ ಬುಡದಲ್ಲಿ, ಕೊಳವೆಯಿಂದ ಮೂರು ಮಾರು ಈಚೆಗೆ, ಹೊಸ ಕಂಬದ ಗುಂಡಿಗೆ ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿದ್ದರು. ಆ ಗುರುತಿನ ನಡುವೆ ತನ್ನ ಹಾರೆ ನೆಟ್ಟ. ಒಂದು ಮೊಳ ಮಾತ್ರ ಮೇಲೆ ಉಳಿಯುವ ಹಾಗೆ ಕಲ್ಲಿನಿಂದ ಹೊಡೆದು ಇಳಿಸಿದ. ಮಂಡಿಯೂರಿ ಕಿವಿ ಇಟ್ಟ. ಎಷ್ಟು ಹೊತ್ತು ಇಟ್ಟನೋ. ಆಮೇಲೆ ಬಲಗೈ ಎತ್ತಿದ. ಅದನ್ನು ನೋಡಲು ಯಾರೂ ಇರಲಿಲ್ಲ, ಯಾರೂ ಪಟ ತೆಗೆಯಲಿಲ್ಲ. ನೆಗ್ಗಿದ ಬಾಂಡ್ಲಿ ಹೆಗಲಿಗೆ ಹಾಕಿಕೊಂಡು ಮಾಗಡಿ ರಸ್ತೆಗೆ ನಡೆದ.

ಶನಿವಾರ ಬೆಳಿಗ್ಗೆ ಬಸವಲಿಂಗಪ್ಪ ಸ್ಕೂಟರಿನಲ್ಲಿ ಬಂದ. ಗುಂಪು ಹಾರೆಯ ಸುತ್ತ ನಿಂತಿತ್ತು.

"ಯಾವನೋ ಇದನ್ನ ಇಲ್ಲಿ ನೆಟ್ಟೋನು? ಕಂಬದ ಗುಂಡಿ ತೋಡ್ಬೇಕು. ಕಿತ್ತಾಕೋ."

ದೊಡ್ಡಣ್ಣ ಹಾರೆ ನೋಡಿದ. ಕೊಳವೆ ನೋಡಿದ.

"ಆಗಲ್ಲ ಸಾರ್."

"ಏನೋ ಆಗಲ್ಲ?"

"ಕೆಳಗಿರೋರು ಕೈಗೆ ಸಿಗೋ ತನಕ ಕೀಳೋ ಹಾಗಿಲ್ಲ."

"ಕೆಳಗೆ ಯಾರೋ ಇದ್ದಾರೆ ಈಗ?"

ಹನ್ನೊಂದು ಜನ ಗುದ್ದಲಿ ಹೆಗಲಿಗೇರಿಸಿದರು. ದೊಡ್ಡಣ್ಣ ಹನ್ನೆರಡನೆಯವನು.

ಅವರು ಕೆಲಸ ಬಿಟ್ಟು ಹೋದದ್ದು ಶನಿವಾರ. ಹನುಮಯ್ಯ ಊರು ಬಿಟ್ಟು ಹೋದದ್ದು ಶುಕ್ರವಾರ. ಒಂದು ದಿನ ತಡ.